ನಿಲ್ಲಿಸಿದರೆ ಮೈಕ್ ಕೆಟ್ಟಿದೆ ಅಂತಲ್ಲ

ಭಾಷಣ ಮಾಡುವವರು ಮಾತಿನ ನಡುವೆ ಎರಡು ಸೆಕೆಂಡ್ ಸುಮ್ಮನಾದರೆ ಸಾಕು, ಸಭೆಯ ಕಣ್ಣೆಲ್ಲ ನನ್ನ ಕಡೆ ತಿರುಗುತ್ತದೆ. ಸಂಘಟಕರು ವೇದಿಕೆಯ ಮೂಲೆಯಿಂದ ಕೈಸನ್ನೆ ಮಾಡುತ್ತಾರೆ. ಹಿಂದೆ ಬೇವಿನ ಮರದ ಕೆಳಗೆ ಕೂತವರು 'ಏ, ಮೈಕ್ ಹೋಯ್ತು ನೋಡಪ್ಪೋ' ಎಂದು ಕೂಗುತ್ತಾರೆ. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ವೈರೂ ಸರಿ ಇರುತ್ತದೆ. ಮಾತಾಡುತ್ತಿದ್ದವರು ಒಂದು ಉಸಿರು ಎಳೆದುಕೊಂಡಿರುತ್ತಾರೆ, ಅಷ್ಟೆ. ನಮ್ಮ ಸೀಮೆಯ ವೇದಿಕೆಗಳಲ್ಲಿ ನಿಲ್ಲಿಸಿ ಮಾತಾಡುವವರು ಎಷ್ಟು ಅಪರೂಪವಾಗಿದ್ದಾರೆ ಅಂದರೆ, ಯಾರಾದರೂ ನಿಲ್ಲಿಸಿದರೆ ಜನ ಅದನ್ನು ಕರೆಂಟಿನ ಲೆಕ್ಕಕ್ಕೆ ಬರೆಯುತ್ತಾರೆ.

ನಾನು ಸಿರಾ ತಾಲ್ಲೂಕು ಬರಗೂರಿನವನು. ಮದುವೆ, ಜಾತ್ರೆ, ನಾಟಕ, ಗ್ರಾಮಸಭೆ, ಶಾಲೆಯ ವಾರ್ಷಿಕೋತ್ಸವ, ತಿಥಿ ಊಟದ ಶ್ರದ್ಧಾಂಜಲಿ ಸಭೆ ಎಲ್ಲಕ್ಕೂ ಮೈಕ್‌ಸೆಟ್ ಹಾಕುವುದು ನನ್ನ ಕಸುಬು. ಬರಗೂರು ಅಂದರೆ ರಾಜ್ಯದ ಜನಕ್ಕೆ ಮೊದಲು ನೆನಪಾಗುವವರು 2016ರ ಡಿಸೆಂಬರಿನಲ್ಲಿ ರಾಯಚೂರಿನ 82ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಬರಗೂರು ರಾಮಚಂದ್ರಪ್ಪನವರು. ಅಂಥವರ ಹೆಸರಿರುವ ಊರಿನಲ್ಲಿ ನನಗೆ ಮಾತಿನ ಬಗ್ಗೆ ಬರೆಯುವ ಯೋಗ್ಯತೆ ಏನಿದೆ ಎಂದು ಕೇಳಬಹುದು. ಒಂದಿದೆ. ವೇದಿಕೆಯ ಮೇಲಿದ್ದವರು ತಮ್ಮ ಭಾಷಣ ಮುಗಿಸಿ ಜೀಪು ಹತ್ತಬಹುದು, ಕೇಳುಗರು ನಡುವೆ ಎದ್ದು ಹೋಗಬಹುದು. ಮೈಕ್‌ಸೆಟ್‌ನವನು ಮಾತ್ರ ಸ್ವಾಗತದಿಂದ ವಂದನಾರ್ಪಣೆಯವರೆಗೆ ಒಂದೊಂದು ಮಾತನ್ನೂ ಕೇಳಲೇಬೇಕು. ಹಾಗೆ ಕೇಳಿ ಕೇಳಿ ನನಗೆ ಖಾತ್ರಿಯಾಗಿರುವುದು ಇದು: ಮಾತು ಆಡುವವರದು, ನಡುವಿನ ನಿಲುಗಡೆ ಕೇಳುವವರದು. ನಾವು ಕೇಳುವವರ ಪಾಲನ್ನು ಅವರಿಗೆ ಕೊಡುತ್ತಿಲ್ಲ.

ಮೊದಲು ನನ್ನ ಕಸುಬಿನ ಮಾತು ಹೇಳುತ್ತೇನೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಜಾತ್ರೆ ಮೈದಾನದಲ್ಲಿ ವೇದಿಕೆಯ ಹತ್ತಿರ ಎರಡು ಹಾರ್ನ್, ನೂರು ಮೀಟರ್ ಆಚೆ ಕಂಬಕ್ಕೆ ಇನ್ನೆರಡು ಹಾರ್ನ್ ಕಟ್ಟಿರುತ್ತೇನೆ. ವೈರಿನಲ್ಲಿ ಹೋದ ಮಾತು ನಾಲ್ಕೂ ಹಾರ್ನಿನಲ್ಲಿ ಒಂದೇ ಸಲಕ್ಕೆ ಹೊರಡುತ್ತದೆ. ಆದರೆ ದೂರದ ಕಂಬದ ಬುಡದಲ್ಲಿ ಕೂತವರಿಗೆ ತಲೆಯ ಮೇಲಿನ ಹಾರ್ನಿನ ಮಾತು ಆಗಲೇ ಕೇಳಿರುತ್ತದೆ, ವೇದಿಕೆ ಕಡೆಯ ಹಾರ್ನಿನದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಬಿರುಸಾಗಿ ಮಾತಾಡುವವರು ಸೆಕೆಂಡಿಗೆ ಆರೇಳು ಅಕ್ಷರ ಆಡುತ್ತಾರೆ. ಅಂದರೆ ಆ ಕೇಳುಗರ ಕಿವಿಯಲ್ಲಿ ಎರಡು ಅಕ್ಷರ ಹಿಂದಿನ ಮಾತೂ ಈಗಿನ ಮಾತೂ ಒಂದರ ಮೇಲೊಂದು ಕೂತಿರುತ್ತವೆ. ಶಾಲೆಯ ಗೋಡೆಗೋ ಬಂಡೆಗೋ ಬಡಿದು ವಾಪಸ್ ಬರುವ ಸದ್ದು ಇದಕ್ಕೆ ಸೇರುತ್ತದೆ. ತಗಡಿನ ಚಾವಣಿಯ ಸಮುದಾಯ ಭವನದೊಳಗಂತೂ ಒಂದು ಪದದ ಬಾಲ ಅಡಗುವ ಮೊದಲೇ ಇನ್ನೊಂದರ ತಲೆ ಬಂದಿರುತ್ತದೆ. ಪಟ್ಟಣದ ದೊಡ್ಡ ಸೌಂಡ್‌ನವರು ದೂರದ ಸ್ಪೀಕರಿಗೆ ಮಾತನ್ನು ಅಷ್ಟೇ ತಡಮಾಡಿ ಕಳಿಸುವ ಯಂತ್ರ ಇಟ್ಟಿರುತ್ತಾರೆ. ಹಳ್ಳಿಯ ಮೈಕ್‌ಸೆಟ್‌ನಲ್ಲಿ ಅದಿರುವುದಿಲ್ಲ. ಇರುವ ಮದ್ದು ಒಂದೇ: ವಾಕ್ಯ ಮುಗಿದ ಮೇಲೆ ಭಾಷಣಕಾರರು ಒಂದು ಸೆಕೆಂಡ್ ಬಿಡಬೇಕು. ಎಲ್ಲ ಹಾರ್ನ್‌ಗಳ ಸದ್ದೂ ನೆಲಕ್ಕೆ ಇಳಿಯಬೇಕು, ಆಮೇಲೆ ಮುಂದಿನ ಮಾತು. 'ಸೌಂಡ್ ಜಾಸ್ತಿ ಕೊಡ್ರೀ, ಹಿಂದೆ ಕೇಳಿಸ್ತಿಲ್ಲ' ಎಂದು ನನಗೆ ಹೇಳುವವರಿಗೆ ನಾನು ಹೇಳುವುದು ಇದನ್ನೇ. ಹಿಂದಿನವರಿಗೆ ಸದ್ದು ಬೇಕಾದಷ್ಟು ಕೇಳಿಸುತ್ತಿದೆ. ಮಾತು ಕೇಳಿಸುತ್ತಿಲ್ಲ.

ಇಂಥ ಸರಳ ಸಂಗತಿ ನಮ್ಮ ಜನಕ್ಕೆ ತಿಳಿಯದೇನಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡದ ಊರು ಹುಡುಕಬೇಕು. ಕಡಲೆಕಾಯಿ ಬೆಳೆಯುವವರು, ಹಾಲಿನ ಡೇರಿ ಕಾರ್ಯದರ್ಶಿ, ಆಟೊ ಓಡಿಸುವವರು ಕೈಯಿಂದ ಹಣ ಹಾಕಿಕೊಂಡು ದುರ್ಯೋಧನ, ಕರ್ಣ, ಶಕುನಿಯ ಪಾತ್ರ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಮೇಷ್ಟ್ರು ಮೊದಲು ಕಲಿಸುವುದೇ ಎಲ್ಲಿ ನಿಲ್ಲಿಸಬೇಕು ಎಂಬುದನ್ನು. 'ಅಲ್ಲಿ ನುಂಗಬೇಡ ಕಣೋ, ಬಿಡು, ಪೆಟ್ಟಿಗೆ ಒಂದು ಸ್ವರ ಹಾಕ್ಲಿ, ಆಮೇಲೆ ಎತ್ತು' ಎಂದು ಗದರುತ್ತಾರೆ. ದುರ್ಯೋಧನ ಒಂದು ಮಾತು ಹೇಳಿ ಗದೆ ಊರಿ ನಿಲ್ಲುತ್ತಾನೆ, ಹಾರ್ಮೋನಿಯಂ ಒಂದು ಎಳೆ ಎಳೆಯುತ್ತದೆ, ಜನ ಆ ಮಾತನ್ನು ಒಳಗೆ ತೆಗೆದುಕೊಳ್ಳುತ್ತಾರೆ, ಆಮೇಲೆ ಮುಂದಿನ ಮಾತು. ಇರುಳು ಪೂರ್ತಿ ಸಾವಿರ ಜನ ಕದಲದೆ ಕೂತಿರುತ್ತಾರೆ.

ಅದೇ ದುರ್ಯೋಧನ ಗ್ರಾಮ ಪಂಚಾಯಿತಿ ಸದಸ್ಯರಾಗಿ ಆಗಸ್ಟ್ 15ಕ್ಕೆ ಶಾಲೆಯ ಮೈಕಿನ ಮುಂದೆ ಬರುತ್ತಾರೆ. ಆಗ ನೋಡಬೇಕು. ಬಾಯಿ ಬಿಟ್ಟಲ್ಲಿಂದ ಮುಚ್ಚುವವರೆಗೆ ಒಂದೇ ಉಸಿರು. ಗಂಟಲು ಒಂದೇ, ಮನುಷ್ಯನೂ ಒಬ್ಬನೇ, ಮೈಕೂ ನನ್ನದೇ. ನಾಟಕದಲ್ಲಿ ನಿಲ್ಲಿಸುವುದನ್ನು ಒಬ್ಬರು ಕೂರಿಸಿಕೊಂಡು ಕಲಿಸಿದರು, ಭಾಷಣದಲ್ಲಿ ಯಾರೂ ಕಲಿಸಲಿಲ್ಲ. ನಿಲುಗಡೆ ಹುಟ್ಟಿನಿಂದ ಬರುವ ವರವಲ್ಲ, ತಾಲೀಮಿನಿಂದ ಬರುವ ವಿದ್ಯೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಾಟಕಕ್ಕಿಂತ ಹಳೆಯದೊಂದು ಪಾಠಶಾಲೆ ನಮ್ಮ ತಾಲ್ಲೂಕಿನಲ್ಲೇ ಇದೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರಿಗೆ ಪವಿತ್ರ ಜಾಗ. ದನ ಕಾಯ್ದ ವೀರ ಜುಂಜಪ್ಪನ ಕತೆಯನ್ನು ಕಾಡುಗೊಲ್ಲ ಹಾಡುಗಾರರು ಗಣೆ ಹಿಡಿದು ಹಾಡುತ್ತಾರೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಊದುವವನೇ ಹಾಡುವವನೂ ಆದರೆ ಊದುವಾಗ ಹಾಡಲಾಗದು, ಹಾಡುವಾಗ ಊದಲಾಗದು. ಹಾಗಾಗಿ ಕತೆ ಒಂದಷ್ಟು ನಡೆಯುತ್ತದೆ, ನಿಲ್ಲುತ್ತದೆ, ಗಣೆ ಮಾತಾಡುತ್ತದೆ, ಮತ್ತೆ ಕತೆ. ಗಣೆ ಊದುತ್ತಿರುವಷ್ಟು ಹೊತ್ತು ಕೇಳುವವರು ಈಗಷ್ಟೇ ಕೇಳಿದ್ದನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿರುತ್ತಾರೆ. ಓದು ಬಾರದ ಹಿರಿಯರು ಅಷ್ಟು ದೊಡ್ಡ ಕಾವ್ಯವನ್ನು ತಲೆಯಲ್ಲಿ ಹೊತ್ತು ಮಕ್ಕಳಿಗೆ ದಾಟಿಸಿದ್ದರಲ್ಲಿ ಈ ಬಿಡುವಿನ ಪಾಲೂ ಇದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಮೈಕೇ ಇಲ್ಲದ ಕಾಲದಲ್ಲಿ ಡೇರೆಯ ಕೊನೆಯ ಸಾಲಿಗೆ ಮಾತು ಮುಟ್ಟಿಸಿತು. ಅದೇ ವೃತ್ತಿರಂಗಭೂಮಿಯಲ್ಲಿ ಆಮೇಲೆ ಬಂದವರು ಮಾಸ್ಟರ್ ಹಿರಣ್ಣಯ್ಯ (1934–2019). ಅವರ 'ಲಂಚಾವತಾರ'ದ ಕ್ಯಾಸೆಟ್ಟನ್ನು ಮದುವೆ ಮನೆಯ ಹಾರ್ನಿನಲ್ಲಿ ನನ್ನಂಥವರು ಎಷ್ಟು ಹಾಕಿದ್ದೇವೋ ಲೆಕ್ಕವಿಲ್ಲ. ಕಿವಿಗೊಟ್ಟು ಕೇಳಿ. ಮಾತಿನ ಮಳೆ ಸುರಿಸಿದರು ಎಂದು ಅವರನ್ನು ಹೊಗಳುತ್ತೇವೆ. ಆದರೆ ಜನ ನಗಲು ಶುರು ಮಾಡಿದ ಕೂಡಲೇ ಅವರು ಮಾತು ಹಿಡಿಯುತ್ತಾರೆ. ನಗು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಪೂರ್ತಿ ಅಡಗುವುದಕ್ಕೆ ಸ್ವಲ್ಪ ಮೊದಲು ಮುಂದಿನ ಏಟು ಬೀಳುತ್ತದೆ. ಬೇಗ ಬಿದ್ದಿದ್ದರೆ ನಗುವಿನಲ್ಲಿ ಮುಳುಗುತ್ತಿತ್ತು, ತಡವಾಗಿದ್ದರೆ ಕಾವು ಆರುತ್ತಿತ್ತು. ಇವತ್ತಿನ ಹಾಸ್ಯ ಭಾಷಣಕಾರರಲ್ಲಿ ಬಹಳ ಮಂದಿ ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಜನರ ನಗುವಿನ ಮೇಲೆಯೇ ಮುಂದಿನ ಚಟಾಕಿ ಹಾರಿಸುತ್ತಾರೆ. ಹಿಂದಿನ ಸಾಲಿನವರು 'ಏನಂದ್ರು? ಏನಂದ್ರು?' ಎಂದು ಪಕ್ಕದವರನ್ನು ಕೇಳುವುದರಲ್ಲೇ ಅರ್ಧ ಕಾರ್ಯಕ್ರಮ ಕಳೆಯುತ್ತದೆ.

ಇಷ್ಟೆಲ್ಲ ಮನೆಯಲ್ಲೇ ಇದ್ದೂ ನಾವು ಕಳೆದುಕೊಂಡದ್ದು ಎಲ್ಲಿ? ನನ್ನ ದೂರು ಮೊದಲು ಭಾಷಣ ಸ್ಪರ್ಧೆಗಳ ಮೇಲೆ. ಪ್ರತಿಭಾ ಕಾರಂಜಿ ಇರಲಿ, ರಾಷ್ಟ್ರೀಯ ಹಬ್ಬದ ಸ್ಪರ್ಧೆ ಇರಲಿ, ಮಗುವಿಗೆ ಕೆಲವೇ ನಿಮಿಷ ಕೊಟ್ಟು, ಗಂಟೆ ಹಿಡಿದು ಒಬ್ಬರನ್ನು ಕೂರಿಸುತ್ತೇವೆ. ಮೇಷ್ಟ್ರೋ ಅಪ್ಪನೋ ಬರೆದುಕೊಟ್ಟ ಎರಡು ಪುಟವನ್ನು ಮಗು ಬಾಯಿಪಾಠ ಮಾಡಿ ಬಂದಿರುತ್ತದೆ. ಮುಗಿಸುವ ಮೊದಲು ಗಂಟೆ ಬಾರಿಸಿಬಿಟ್ಟರೆ ಎಂಬ ಭಯಕ್ಕೆ ಓಟ ಶುರು. ಗಾಂಧೀಜಿ, ಸುಭಾಷ್, ಭಗತ್ ಸಿಂಗ್ ಎಲ್ಲರೂ ಒಂದೇ ಉಸಿರಿನಲ್ಲಿ ಜೈಲಿಗೆ ಹೋಗಿ ಬರುತ್ತಾರೆ. ನಡುವೆ ಮಗು ಒಂದು ಕ್ಷಣ ನಿಂತರೆ ಪಕ್ಕದಿಂದ ಮೇಷ್ಟ್ರು ತುಟಿಯಲ್ಲೇ ಮುಂದಿನ ಪದ ತೋರಿಸುತ್ತಾರೆ, ಸಭಿಕರು ಅಯ್ಯೋ ಪಾಪ ಎಂದು ಚಪ್ಪಾಳೆ ತಟ್ಟುತ್ತಾರೆ. ತೀರ್ಪುಗಾರರು ತಡವರಿಸದವರಿಗೆ ಬಹುಮಾನ ಕೊಡುತ್ತಾರೆ. ನಿಲ್ಲುವುದು ಸೋಲು ಎಂದು ಮಗುವಿಗೆ ಹತ್ತು ವರ್ಷಕ್ಕೇ ಖಾತ್ರಿಯಾಗುತ್ತದೆ. ಆ ಮಗುವೇ ಮುಂದೆ ಅಧ್ಯಕ್ಷ, ಅಧಿಕಾರಿ, ಉಪನ್ಯಾಸಕ, ಶಾಸಕ ಆಗುವುದು.

ಟೀವಿಯೂ ತನ್ನ ಕೈ ಸೇರಿಸಿದೆ. ಚರ್ಚೆಯಲ್ಲಿ ಕೂತವರು ಅರೆಗಳಿಗೆ ನಿಲ್ಲಿಸಿದರೆ ಪಕ್ಕದವರು ಮಾತು ಕಿತ್ತುಕೊಳ್ಳುತ್ತಾರೆ. ಅಲ್ಲಿ ಉಸಿರು ತೆಗೆದುಕೊಳ್ಳುವುದೇ ಅಪಾಯ. ಅದನ್ನು ದಿನಾ ನೋಡಿದವರು, ಕಿತ್ತುಕೊಳ್ಳುವವರು ಯಾರೂ ಇಲ್ಲದ ವೇದಿಕೆಯಲ್ಲೂ ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ ಮಾತಾಡುತ್ತಾರೆ. ನಿಲ್ಲಬೇಕಾದ ಕಡೆ ನಿಲ್ಲುವ ಧೈರ್ಯವಿಲ್ಲದೆ ಜಾಗ ತುಂಬಿಸುತ್ತಾರೆ: 'ಈ ಒಂದು ಶುಭ ಸಂದರ್ಭದಲ್ಲಿ ಈ ಒಂದು ಶಾಲೆಯ ಈ ಒಂದು ಮಕ್ಕಳಿಗೆ', 'ಅಂದ್ರೆ ಏನಪ್ಪಾ ಅಂದ್ರೆ', 'ಹೇಳ್ತಕ್ಕಂಥ ಮಾಡ್ತಕ್ಕಂಥ'. ಕಡಲೆಕಾಯಿ ಸಾಲಿನ ನಡುವೆ ಜಾಗ ಬಿಡದೆ ಬಿತ್ತಿದವನಿಗೆ ಕಾಯಿ ಎಷ್ಟು ಸಿಕ್ಕೀತು? ಈ ಭಾಷಣಗಳಿಂದ ಮನೆಗೆ ಹೊತ್ತುಕೊಂಡು ಹೋಗಲು ಸಿಗುವುದೂ ಅಷ್ಟೇ.

ಬರೆದದ್ದನ್ನು ಓದುವವರದು ಇನ್ನೊಂದು ತೊಂದರೆ. ಅವರು ನಿಲ್ಲುತ್ತಾರೆ, ಅರ್ಥ ಮುಗಿದಲ್ಲಿ ಅಲ್ಲ, ಕಾಗದದ ಸಾಲು ಮುಗಿದಲ್ಲಿ. ಕನ್ನಡದಲ್ಲಿ ಇದು ಬಲು ಅಪಾಯ. ನಮ್ಮ ವಾಕ್ಯದ ತೀರ್ಪು ಇರುವುದೇ ಕೊನೆಯಲ್ಲಿ. ಯಾರು, ಎಲ್ಲಿ, ಯಾವಾಗ, ಎಷ್ಟು ಎಲ್ಲ ಹೇಳಿ ಆದ ಮೇಲೆ ಕೊಟ್ಟರೋ ಕೊಡಲಿಲ್ಲವೋ, ಬರುತ್ತದೋ ಬರುವುದಿಲ್ಲವೋ ತಿಳಿಯುವುದು ಕಟ್ಟಕಡೆಯ ಪದದಿಂದ. ಕೆರೆಗೆ ನೀರು ಬಿಡಿಸುವ ವಿಚಾರ ನಮ್ಮ ತಾಲ್ಲೂಕಿನಲ್ಲಿ ಚುನಾವಣೆಯನ್ನೇ ನಡೆಸುವಂಥದ್ದು, ಮದಲೂರು ಕೆರೆಯ ಹೆಸರು ಕೇಳದವರಿಲ್ಲ. ಅಂಥ ಒಂದು ಸಭೆಯಲ್ಲಿ ಒಬ್ಬರು ಓದುತ್ತಿದ್ದರು: 'ಈ ವರ್ಷವೇ ಎಲ್ಲ ಕೆರೆಗಳಿಗೂ ನೀರು ಹರಿಸಲು ಸಾಧ್ಯ' ಎಂದರು, ಪುಟ ಮುಗಿಯಿತು, ನಿಂತರು. ಚಪ್ಪಾಳೆಯೋ ಚಪ್ಪಾಳೆ, ಒಬ್ಬರು ಶಿಳ್ಳೆಯನ್ನೂ ಹಾಕಿದರು. ಹಾಳೆ ತಿರುವಿ 'ವಾಗದೆ ಹೋಗಬಹುದು' ಎಂದು ಮುಂದುವರಿಸಿದರು. ಆಮೇಲೆ ಅವರು ಏನು ಓದಿದರೂ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಭಾಷೆಯಲ್ಲಿ ನಿಲುಗಡೆಯ ಖಾಯಂ ಜಾಗ ಆ ಕೊನೆಯ ಕ್ರಿಯಾಪದ ಆದ ಮೇಲೆ. ಅಲ್ಲಿಯವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ಕಾದಿದ್ದ ಕೇಳುಗರಿಗೆ ಅದನ್ನೆಲ್ಲ ಜೋಡಿಸಿಕೊಳ್ಳಲು ಹೊತ್ತು ಬೇಕು. ಬೇಕೆಂದೇ ಆ ಕೊನೆಯ ಪದಕ್ಕೆ ಮುಂಚೆ ನಿಂತು ಜನರನ್ನು ತುದಿಗಾಲಲ್ಲಿ ನಿಲ್ಲಿಸುವುದು ನುರಿತ ನಟರ ಕೆಲಸ. ಹಾಳೆ ತಿರುವುವವರು ಅದಕ್ಕೆ ಕೈ ಹಾಕಬಾರದು.

ಅಂಕಿ ಹೇಳಿದ ಮೇಲೂ ನಿಲ್ಲಲೇಬೇಕು. ಮುಂಗಾರಿಗೆ ಮುಂಚೆ ರೈತರ ಸಭೆಗೆ ಮೈಕ್ ಹಾಕುತ್ತೇನೆ. ಅಧಿಕಾರಿಗಳು ಒಳ್ಳೆಯ ವಿಷಯವನ್ನೇ ಹೇಳುತ್ತಾರೆ: ಬೀಜೋಪಚಾರ ಮಾಡಿ, ಸಾಲಿನ ಅಂತರ ಇಷ್ಟಿರಲಿ, ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಕೊಟ್ಟರೆ ಕಾಯಿ ತುಂಬುತ್ತದೆ. ಐದಾರು ಅಂಕಿಗಳು ಒಂದೇ ಓಟದಲ್ಲಿ ಹೋಗಿಬಿಡುತ್ತವೆ. ಸಭೆ ಮುಗಿದು ನಾನು ವೈರು ಸುತ್ತುವಾಗ ಹೆಂಗಸರು ಬಂದು ಕೇಳುವುದು ನನ್ನನ್ನು: 'ಅಣ್ಣಾ, ಜಿಪ್ಸಂ ಎಷ್ಟಂದ್ರು?' ಒಂದು ಅಂಕಿ ಹೇಳಿ, ನಿಂತು, ಇನ್ನೊಮ್ಮೆ ಹೇಳಿ, ಮತ್ತೆ ನಿಂತಿದ್ದರೆ ಆ ಪ್ರಶ್ನೆ ಮೈಕ್‌ಸೆಟ್‌ನವನವರೆಗೆ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಗ್ರಾಮಸಭೆ. ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಊರಿನ ಮತದಾರರೆಲ್ಲ ಅದರ ಸದಸ್ಯರು. ಅಲ್ಲಿ ಕ್ರಿಯಾ ಯೋಜನೆ ಓದುತ್ತಾರೆ, ಮನೆ ಬಂದವರ ಪಟ್ಟಿ ಓದುತ್ತಾರೆ, ಉದ್ಯೋಗ ಖಾತರಿ ಕೆಲಸದ ಲೆಕ್ಕ ಓದುತ್ತಾರೆ. ಓದಿ ಮುಗಿದದ್ದೇ 'ಇದಕ್ಕೆ ಎಲ್ಲರ ಒಪ್ಪಿಗೆ ಇದೆಯಾ, ಇದೆ, ಮುಂದಿನ ವಿಷಯ' ಎಂದು ಪ್ರಶ್ನೆಯೂ ಉತ್ತರವೂ ಒಂದೇ ಬಾಯಿಂದ ಒಂದೇ ಉಸಿರಿನಲ್ಲಿ ಬರುತ್ತವೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು, ಏಳಲೋ ಬೇಡವೋ ಎಂದು ಮಂಡಿಯ ಮೇಲೆ ಕೈ ಊರುವಷ್ಟರಲ್ಲಿ ನಿರ್ಣಯ ಅಂಗೀಕಾರ ಆಗಿರುತ್ತದೆ.

ಶಿಕ್ಷಕರ ತರಬೇತಿಯೊಂದಕ್ಕೆ ಮೈಕ್ ಹಾಕಿದ್ದಾಗ ಅಲ್ಲಿ ಹೇಳಿದ ವಿಷಯವೊಂದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಗೊತ್ತಿಲ್ಲ ಎನ್ನುವುದು ಕಡಿಮೆಯಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ತರಗತಿಯಲ್ಲಿ ಮಗುವಿಗೆ ಮೂರು ಸೆಕೆಂಡ್ ಬೇಕಾದರೆ ಅಧ್ಯಕ್ಷರು, ಪಿಡಿಒ, ಮೇಲ್ಜಾತಿಯ ಯಜಮಾನರು ಕೂತ ಸಭೆಯಲ್ಲಿ ಕೂಲಿ ಹೆಂಗಸಿಗೆ ಎಷ್ಟು ಬೇಕು? ಹತ್ತು ಸೆಕೆಂಡ್ ಕೊಡಿ ಎನ್ನುತ್ತೇನೆ ನಾನು. ಮೌನಂ ಸಮ್ಮತಿ ಲಕ್ಷಣಂ ಎನ್ನುವವರು ಮೊದಲು ಆ ಮೌನ ಇರಲು ಬಿಡಬೇಕು.

ಎಲ್ಲ ನಿಲುಗಡೆಯೂ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಚುನಾವಣೆ ಭಾಷಣದಲ್ಲಿ 'ಹೌದೋ ಅಲ್ವೋ?' ಎಂದು ಕೇಳಿ ಮೈಕನ್ನು ಜನರ ಕಡೆ ತಿರುಗಿಸಿ ನಿಲ್ಲುವವರಿದ್ದಾರೆ. ಅದು ಕೇಳುವವರಿಗೆ ಯೋಚನೆಗೆ ಕೊಟ್ಟ ಹೊತ್ತಲ್ಲ, ಚಪ್ಪಾಳೆ ವಸೂಲಿ. ನಿಲ್ಲಿಸಿ ಮಾತಾಡುವುದಕ್ಕೆ ದೇಶದಲ್ಲೆಲ್ಲ ಹೆಸರಾಗಿದ್ದವರು ಅಟಲ್ ಬಿಹಾರಿ ವಾಜಪೇಯಿ. ಅವರನ್ನು ನೋಡಿ ಬರೀ ನಿಲ್ಲುವುದನ್ನಷ್ಟೇ ಕಲಿತವರೂ ಇದ್ದಾರೆ. ನಿಲುಗಡೆಗೆ ಮುಂಚೆ ಜನ ಯೋಚಿಸಬೇಕಾದ ಮಾತೊಂದನ್ನು ಹೇಳಿರಬೇಕು ಎಂಬುದು ಅವರಿಗೆ ಮರೆತುಹೋಗಿರುತ್ತದೆ. ಹಿಂದಿಯಲ್ಲಿ ಮಾತಾಡುವ ನಾಯಕರು ನಮ್ಮ ಕಡೆ ಬಂದರೆ ಪಕ್ಕದಲ್ಲಿ ಒಬ್ಬರು ಕನ್ನಡಕ್ಕೆ ಅನುವಾದ ಮಾಡುತ್ತಾ ನಿಲ್ಲುತ್ತಾರೆ. ನಾಯಕರು ಬೇಕೋ ಬೇಡವೋ ವಾಕ್ಯ ವಾಕ್ಯಕ್ಕೂ ನಿಲ್ಲಲೇಬೇಕು. ಅನುವಾದ ಚೆನ್ನಾಗಿದ್ದ ದಿನ, ಅಚ್ಚ ಕನ್ನಡದ ಭಾಷಣಗಳಿಗಿಂತ ಅದೇ ಜನಕ್ಕೆ ಹೆಚ್ಚು ತಿಳಿದಿರುವುದನ್ನು ನಾನು ಕಂಡಿದ್ದೇನೆ. ಇದು ನಮ್ಮ ಭಾಷಣಕಾರರು ನಾಚಿಕೊಳ್ಳಬೇಕಾದ ಮಾತು.

'ನಿಲ್ಲಿಸಿ ಮಾತಾಡೋಕೆ ಟೈಮೆಲ್ಲಿದೆ?' ಎಂದು ಕೇಳುವವರಿಗೆ ನನ್ನ ಹತ್ತಿರ ಲೆಕ್ಕವಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಎಂಬುದು 2000ದ ಶಬ್ದ ಮಾಲಿನ್ಯ ನಿಯಮ. ಹತ್ತಾಗುತ್ತಾ ಬಂದಂತೆ ಸಂಘಟಕರು ಮುಖ್ಯ ಭಾಷಣಕಾರರಿಗೆ ಚೀಟಿ ಕಳಿಸುತ್ತಾರೆ, ಅವರು ಅರ್ಧ ಗಂಟೆಯದನ್ನು ಐದು ನಿಮಿಷಕ್ಕೆ ತುರುಕುತ್ತಾರೆ. ಆ ಹೊತ್ತು ಹೋದದ್ದೆಲ್ಲಿ? ವೇದಿಕೆಯ ಮೇಲೆ ಇಪ್ಪತ್ತು ಜನ, ಮಾತಾಡುವವರು ಎಂಟು ಜನ. ಒಬ್ಬೊಬ್ಬರೂ ಇಪ್ಪತ್ತೂ ಹೆಸರನ್ನು ಬಿರುದು ಸಮೇತ ಓದಿದರೆ ಒಂದು ಸಂಜೆಗೆ ನೂರಾ ಅರವತ್ತು ಸಲ. ಹೆಸರಿಗೆ ಐದು ಸೆಕೆಂಡ್ ಹಿಡಿದರೂ ಹದಿಮೂರು ನಿಮಿಷ ದಾಟುತ್ತದೆ. ಹಾರ, ಶಾಲು, ನೆನಪಿನ ಕಾಣಿಕೆಯ ಹೊತ್ತು ಬೇರೆ.

ಹಾಗಾಗಿ ಕೇಳುವುದು ಮೂರೇ. ಭಾಷಣ ಸ್ಪರ್ಧೆಯ ತೀರ್ಪುಗಾರರು ಅಂಕಪಟ್ಟಿಯಲ್ಲಿ ನಿಲುಗಡೆಗೊಂದು ಕಲಂ ಹಾಕಲಿ, ಮಗು ಬರೆದುಕೊಂಡು ಬಂದ ಎರಡು ಪುಟವನ್ನು ಒಂದಕ್ಕೆ ಇಳಿಸುವಂತೆ ಮೇಷ್ಟ್ರು ನೋಡಿಕೊಳ್ಳಲಿ. ಗ್ರಾಮಸಭೆಯಲ್ಲಿ ಒಪ್ಪಿಗೆ ಕೇಳಿದ ಮೇಲೆ ಹತ್ತು ಎಣಿಸದೆ ನಡಾವಳಿ ಪುಸ್ತಕಕ್ಕೆ ಪೆನ್ನು ಮುಟ್ಟಿಸದಿರಲಿ. ವೇದಿಕೆಯಲ್ಲಿರುವವರ ಹೆಸರನ್ನು ನಿರೂಪಕರು ಒಮ್ಮೆ ಹೇಳಿದರೆ ಸಾಕು, ಉಳಿದವರು 'ಎಲ್ಲರಿಗೂ ನಮಸ್ಕಾರ' ಎಂದು ನೇರ ವಿಷಯಕ್ಕೆ ಬರಲಿ. ಉಳಿದ ಹದಿಮೂರು ನಿಮಿಷವನ್ನು ಚಿಲ್ಲರೆ ಮಾಡಿ, ವಾಕ್ಯಕ್ಕೆ ಒಂದು ಸೆಕೆಂಡಿನಂತೆ ಎದುರಿಗೆ ಕೂತವರಿಗೆ ಹಂಚಲಿ. ಹೊಲದ ಕೆಲಸ ಬಿಟ್ಟು ಬಂದು ಕೂತವರಿಗೆ ನಾವು ಕೊಡಬೇಕಾದ ಬಾಕಿ ಅದು.